ಫೈರ್ ಸರ್ವೀಸ್‌ನಲ್ಲಿರುವ ತಮ್ಮನಿಗೆ ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಏನು ಮಾಡೋದು?

ಡ್ಯೂಟಿ ಮುಗಿಸಿ ಬಂದ ರಾತ್ರಿ ತಮ್ಮನಿಗೆ ಕಿವಿ ಗುಂಯ್ ಅನ್ನುತ್ತದೆ, ಸದ್ದು ತಡೆಯೋಕೆ ಕಿವಿಗೆ ಏನಾದರೂ ಹಾಕಿಕೋ ಅಂದರೆ ‘ಹಾಕಿಕೊಂಡರೆ ಸಾಹೇಬರ ಮಾತೇ ಕೇಳಿಸಲ್ಲ’ ಅಂತಾನೆ ಅಂದಿರಿ. ನಾನೂ ಶಿರಸಿ ಕಡೆ ಇದೇ ಕೆಲಸದವನು.

ಅವನು ಹೇಳೋದು ಅರ್ಧ ಸರಿ. ಹೊಗೆ ತುಂಬಿದ ಮನೆಯೊಳಗೆ ಹೋಗುವಾಗ ಕಿವಿ ಮುಚ್ಚಬಾರದು. ಒಳಗಿನವರ ಕೂಗು, ಮಾಡು ಮುರಿಯುವ ಸದ್ದು, ವಾಕಿಟಾಕಿ ಎಲ್ಲ ಕೇಳಲೇಬೇಕು. ಆದರೆ ನಮ್ಮ ಜಿಲ್ಲೆಯಲ್ಲಿ ಮಳೆ ಹಿಡಿಯಿತು ಅಂದರೆ ದೇವಿಮನೆ ಘಟ್ಟದಂಥ ಕಡೆ ರಸ್ತೆಗೆ ಬಿದ್ದ ಮರ ಕೊಯ್ಯೋದೇ ಜಾಸ್ತಿ. ಕಿವಿ ಹಾಳಾಗೋದು ಅಲ್ಲಿ.

ಮರ ಕೊಯ್ಯುವ ಮೆಷಿನ್ನು, ಅಂದರೆ ಚೈನ್ ಸಾ, ಅದರ ಸದ್ದು ಸುಮಾರು 110 ಡೆಸಿಬಲ್ (ಸದ್ದಿನ ಅಳತೆ). ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮೇಲೆ 3 ಡೆಸಿಬಲ್ ಏರಿದಾಗೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ 15 ನಿಮಿಷ. 110ಕ್ಕೆ 2 ನಿಮಿಷವೂ ಇಲ್ಲ! ದಪ್ಪ ಮತ್ತಿ ಮರದ ಒಂದು ತುಂಡು ಬೀಳುವಷ್ಟರಲ್ಲಿ ಆ ದಿನಕ್ಕೆ ಕಿವಿ ತಡೆಯುವ ಹೊತ್ತು ಮುಗೀತು.

ಅಲ್ಲಿ ಇಡೀ ಕಿವಿ ಮುಚ್ಚುವ ಇಯರ್ ಮಫ್ ಬೇಕೇ ಬೇಕು. ಮೆಷಿನ್ ಹಿಡಿದವನಿಗೆ ಮಾತ್ರ ಅಲ್ಲ, ಪಕ್ಕದಲ್ಲಿ ಕೊಂಬೆ ಎಳೆಯುವವನಿಗೂ. ಆ ಸದ್ದಿನಲ್ಲಿ ಹೇಗೂ ಯಾರ ಮಾತೂ ಕೇಳಲ್ಲ ಅಲ್ವಾ? ಕೈ ಸನ್ನೆ ಸಾಕು. ಕನ್ನಡಕದ ಕಡ್ಡಿ ಮಫ್ ಅಡಿಗೆ ಸಿಕ್ಕಿದರೆ ಸಂದಿಯಲ್ಲಿ ಸದ್ದು ನುಗ್ಗುತ್ತದೆ, ನೋಡಿಕೊಳ್ಳಲಿ.

ಕಿವಿಯೊಳಗೆ ತೂರಿಸುವ ಮೆತ್ತನೆ ಫೋಮ್ ಪ್ಲಗ್ ಆದರೆ ಹಾಕೋ ಕ್ರಮ ಇದೆ. ತೊಳೆದ ಕೈಯಲ್ಲಿ ಬತ್ತಿಯಷ್ಟು ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ತೂರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಬೇಕು. ನಮ್ಮವರಲ್ಲಿ ಎಷ್ಟೋ ಜನ ಸುಮ್ನೆ ಪ್ರಸಾದದ ಹೂ ಸಿಕ್ಕಿಸಿಕೊಂಡ ಹಾಗೆ ಇಟ್ಟುಕೊಳ್ಳುತ್ತಾರೆ. ಅದರಿಂದ ಏನೂ ಆಗಲ್ಲ.

ಸೈರನ್ ಹಾಕಿದಾಗ ಗಾಜು ಏರಿಸಲಿ. ಕರಾವಳಿ ಸೆಕೆಯಲ್ಲಿ ಯಾರೂ ಏರಿಸಲ್ಲ, ಗೊತ್ತು. ಸೈರನ್ನನ್ನು ಕ್ಯಾಬಿನ್ ಮೇಲಿಂದ ಮುಂದಿನ ಬಂಪರ್‌ಗೆ ಇಳಿಸಿದರೆ ಒಳಗೆ ಸದ್ದು ಕಡಿಮೆಯಾಗುತ್ತದೆ, ಆದರೆ ಅದು ನಮ್ಮ ಕೈಯಲ್ಲಿಲ್ಲ.

ಗುಂಯ್ ಅನ್ನೋದನ್ನ ಹಾಗೇ ಬಿಡಬೇಡಿ. ಇಎನ್‌ಟಿ ಡಾಕ್ಟರಿಗೆ ತೋರಿಸಿ, ಎಷ್ಟು ಕೇಳುತ್ತದೆ ಅಂತ ಅಳೆಯುವ ಆಡಿಯೋಗ್ರಾಂ ಮಾಡಿಸಿ. ಸದ್ದಿನಿಂದ ಆದ ಪೆಟ್ಟು ಸಾಮಾನ್ಯವಾಗಿ ಮೊದಲು 4000 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಕೀರಲು ಸದ್ದುಗಳಲ್ಲಿ ಕಾಣುತ್ತದೆ. ಆಗ ಮಾತು ಚೆನ್ನಾಗೇ ಕೇಳುತ್ತಿರುತ್ತದೆ, ಹಾಗಾಗಿ ಅವನಿಗೇ ಗೊತ್ತಾಗಲ್ಲ. ಪರೀಕ್ಷೆಯ ಹಿಂದಿನ ದಿನ ಮರ ಕೊಯ್ಯುವ ಕೆಲಸ ಬೇಡ. ರಿಪೋರ್ಟ್ ಎತ್ತಿಟ್ಟುಕೊಳ್ಳಲಿ, ಮುಂದಿನ ವರ್ಷದ್ದರ ಜೊತೆ ಹೋಲಿಸಬೇಕಾಗುತ್ತದೆ.