ಹವಾಮಾನ ಬದಲಾವಣೆ: ಯಾವ ಸರ್ಕಾರವನ್ನು ಏನು ಕೇಳಬೇಕು?

ಪ್ರಶ್ನೆ: ಪ್ರತಿ ವರ್ಷ ಹವಾಮಾನ ಶೃಂಗಸಭೆ ನಡೆಯುತ್ತದೆ. ನಾಯಕರು ಗುರಿ ಘೋಷಿಸಿ ಹೋಗುತ್ತಾರೆ. ಸ್ಥಳೀಯ ಆಡಳಿತದವರು ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಬಿಸಿಲು ಮಾತ್ರ ಜಾಸ್ತಿ ಆಗುತ್ತಲೇ ಇದೆ. ನಿಜಕ್ಕೂ ಇದು ಯಾರ ಕೆಲಸ? ನಾವು ಯಾರನ್ನು ಕೇಳಬೇಕು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇದಕ್ಕೆ ‘ಎಲ್ಲರ ಕೆಲಸ’ ಎಂದು ಉತ್ತರ ಕೊಟ್ಟರೆ ಯಾರದ್ದೂ ಅಲ್ಲ ಎಂದಂತೆ. ಅದಕ್ಕೇ ನಾನು ಮೊದಲು ನೋಡುವುದು, ಯಾವ ಹಂತದ ಸರ್ಕಾರದ ಕೈಯಲ್ಲಿ ಯಾವ ಅಧಿಕಾರ ಇದೆ ಅನ್ನೋದನ್ನು. ಮಾತು ಕೊಡುವವರು ಒಬ್ಬರು, ದುಡ್ಡು ಇರುವುದು ಇನ್ನೊಬ್ಬರ ಹತ್ತಿರ, ಅನುಮತಿ ಕೊಡುವವರು ಮತ್ತೊಬ್ಬರು. ಕೆಲಸ ಕೆಡುವುದು ಬಹಳ ಸಲ ಇವರ ನಡುವಿನ ಸಂದಿಯಲ್ಲಿ.

ಶೃಂಗಸಭೆಯಿಂದಲೇ ಶುರು ಮಾಡೋಣ. 2015ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ರತಿ ದೇಶವೂ ಐದು ವರ್ಷಕ್ಕೊಮ್ಮೆ, ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ತಗ್ಗಿಸುವ ತನ್ನ ಗುರಿಯನ್ನು ಸಲ್ಲಿಸಬೇಕು. ಸಲ್ಲಿಸುವುದು ಕಡ್ಡಾಯ. ಮುಟ್ಟುವುದು ಕಡ್ಡಾಯವಲ್ಲ, ಮುಟ್ಟದಿದ್ದರೆ ದಂಡವೂ ಇಲ್ಲ. ಹೀಗೇಕೆ ಮಾಡಿದರು? ಅದಕ್ಕೂ ಮುಂಚೆ 1997ರಲ್ಲಿ ಕ್ಯೋಟೊ ಒಪ್ಪಂದ ಆಗಿತ್ತು. ಅದರಲ್ಲಿ ಕಡ್ಡಾಯ ಗುರಿಗಳಿದ್ದವು, ಆದರೆ ಶ್ರೀಮಂತ ದೇಶಗಳಿಗೆ ಮಾತ್ರ. ಅಮೆರಿಕ ಅದನ್ನು ಅನುಮೋದಿಸಲೇ ಇಲ್ಲ. ಕೆನಡಾ 2011ರಲ್ಲಿ ಹೊರಬರುವುದಾಗಿ ಹೇಳಿತು. ಬಿಗಿ ಮಾಡಿದರೆ ದೇಶಗಳು ಬಿಟ್ಟು ಹೋಗುತ್ತವೆ ಅನ್ನೋದು ಆಗ ಗೊತ್ತಾಯಿತು.

ಹಾಗಂತ ಪ್ಯಾರಿಸ್ ಒಪ್ಪಂದ ಸುಮ್ನೆ ಆಯಿತು ಎಂದು ನಾನು ಹೇಳಲಾರೆ. ಅದಕ್ಕೆ ಮುಂಚೆ, ಈ ಶತಮಾನದ ಕೊನೆಗೆ ಭೂಮಿ, ಕೈಗಾರಿಕೆಗಳು ಶುರುವಾಗುವ ಮುಂಚೆ ಇದ್ದದ್ದಕ್ಕಿಂತ 4 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿಯಾಗುವ ಅಂದಾಜಿತ್ತು. ಈಗ ಜಾರಿಯಲ್ಲಿರುವ ನೀತಿಗಳನ್ನು ಲೆಕ್ಕ ಹಾಕಿದರೆ ಅದು 3 ಡಿಗ್ರಿಯ ಆಸುಪಾಸಿಗೆ ಬಂದಿದೆ. ಒಪ್ಪಂದದ ಗುರಿ 2 ಡಿಗ್ರಿಗಿಂತ ಸಾಕಷ್ಟು ಕೆಳಗೆ, ಆದಷ್ಟೂ 1.5ರೊಳಗೆ. ಇನ್ನೂ ಬಹಳ ದೂರ ಇದೆ.

ನಿಜವಾದ ಹತೋಟಿ ಇರುವುದು ರಾಷ್ಟ್ರ ಸರ್ಕಾರದ ಹತ್ತಿರ. ವಿದ್ಯುತ್ತು ಯಾವುದರಿಂದ ಬರಬೇಕು, ಇಂಧನಕ್ಕೆ ಎಷ್ಟು ತೆರಿಗೆ, ಎಂಥ ವಾಹನ ಮಾರಬಹುದು, ಇವೆಲ್ಲ ಹೆಚ್ಚಾಗಿ ಅಲ್ಲೇ ತೀರ್ಮಾನವಾಗುತ್ತವೆ. ನನಗೆ ಮೆಚ್ಚುಗೆಯಾಗುವ ಉದಾಹರಣೆ ಬ್ರಿಟನ್‌ನ 2008ರ ಹವಾಮಾನ ಬದಲಾವಣೆ ಕಾಯ್ದೆ. ಅದರ ಗುರಿ ಇರುವುದು 2050ಕ್ಕೆ. 2050 ಅಂದರೆ ಯಾವ ಮಂತ್ರಿಗೂ ಇನ್ನೂ ಟೈಮ್ ಇದೆ ಅನ್ನಿಸುತ್ತದೆ, ಅಲ್ವಾ? ಈ ಕಾಯ್ದೆ ಆ ದೂರದ ಗುರಿಯನ್ನು ಐದೈದು ವರ್ಷದ ಕಾರ್ಬನ್ ಬಜೆಟ್‌ಗಳಾಗಿ, ಅಂದರೆ ಆ ಐದು ವರ್ಷದಲ್ಲಿ ದೇಶ ಒಟ್ಟು ಎಷ್ಟು ಇಂಗಾಲ ಹೊರಬಿಡಬಹುದು ಎಂಬ ಮಿತಿಗಳಾಗಿ ಒಡೆಯಿತು. ಪ್ರತಿ ಬಜೆಟ್ಟನ್ನೂ ಸುಮಾರು 12 ವರ್ಷ ಮುಂಚೆಯೇ ನಿಗದಿ ಮಾಡಬೇಕು. ಒಂದು ಸ್ವತಂತ್ರ ಸಮಿತಿ ಪ್ರತಿ ವರ್ಷ ಸಂಸತ್ತಿಗೆ ವರದಿ ಕೊಡುತ್ತದೆ, ಸರ್ಕಾರ ಅದಕ್ಕೆ ಉತ್ತರಿಸಲೇಬೇಕು. 2022ರಲ್ಲಿ ಸರ್ಕಾರದ ಯೋಜನೆಯಲ್ಲಿ ಸಾಕಷ್ಟು ವಿವರವೇ ಇಲ್ಲ, ಅದು ಕಾನೂನುಬಾಹಿರ ಎಂದು ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟಿತು. 2024ರಲ್ಲಿ ಪರಿಷ್ಕೃತ ಯೋಜನೆಗೂ ಅದೇ ಗತಿ ಆಯಿತು. ಕಾಯ್ದೆಯಲ್ಲಿ ಹಲ್ಲು ಇದ್ದರೆ ಹೀಗೆ ಆಗುತ್ತದೆ. 2012ರಲ್ಲಿ ಬ್ರಿಟನ್ನಿನ ವಿದ್ಯುತ್ತಿನಲ್ಲಿ ಸುಮಾರು ಶೇ 40 ಕಲ್ಲಿದ್ದಲಿನಿಂದ ಬರುತ್ತಿತ್ತು. 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಕಲ್ಲಿದ್ದಲು ಸ್ಥಾವರ ಮುಚ್ಚಿತು. 2013ರಿಂದ ವಿದ್ಯುತ್ ಸ್ಥಾವರಗಳು ಹೊರಬಿಡುವ ಇಂಗಾಲಕ್ಕೆ ಕನಿಷ್ಠ ಬೆಲೆ ಕಟ್ಟಿದ್ದು ಇದಕ್ಕೆ ದೊಡ್ಡ ಕಾರಣ.

ಇನ್ನು ನಗರಾಡಳಿತ. ನೀವು ಗಿಡ ನೆಡುವ ಮಾತು ಹೇಳಿದಿರಿ. ನಗರಗಳು ಅದಕ್ಕಿಂತ ಬಹಳ ಹೆಚ್ಚಿನದನ್ನು ಮಾಡಬಲ್ಲವು. ಅಹಮದಾಬಾದ್ ನೋಡಿ. 2010ರ ಮೇ ತಿಂಗಳ ಬಿಸಿಗಾಳಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 2013ರಲ್ಲಿ ಮಹಾನಗರ ಪಾಲಿಕೆ ಬಿಸಿಗಾಳಿ ಎದುರಿಸುವ ಯೋಜನೆ ತಂದಿತು. ಹವಾಮಾನ ಇಲಾಖೆಯ ಮುನ್ಸೂಚನೆ ಬಂದ ಕೂಡಲೇ ಎಚ್ಚರಿಕೆ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರಿನ ವ್ಯವಸ್ಥೆ. ಆಮೇಲೆ ಬಡವರ ಮನೆಗಳ ಚಾವಣಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಸೇರಿತು. ಇದರಿಂದ ವರ್ಷಕ್ಕೆ ಸರಾಸರಿ ಸಾವಿರಕ್ಕೂ ಹೆಚ್ಚು ಸಾವು ತಪ್ಪಿದೆ ಎಂದು 2018ರ ಒಂದು ಅಧ್ಯಯನ ಅಂದಾಜು ಮಾಡಿದೆ. ಇದಕ್ಕೆ ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಬೇಕಾಗಲಿಲ್ಲ.

ನಗರದ ಮಿತಿ ಎಲ್ಲಿದೆ ಎಂಬುದಕ್ಕೆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಸಾಕ್ಷಿ. 2025ರೊಳಗೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುತ್ತೇವೆ ಎಂದು ಆ ನಗರ ಹೊರಟಿತ್ತು. ಸೈಕಲ್ ದಾರಿ, ಮನೆ ಬೆಚ್ಚಗಿಡುವ ಸಾಮೂಹಿಕ ಬಿಸಿನೀರಿನ ಕೊಳವೆ ಜಾಲ, ಗಾಳಿ ವಿದ್ಯುತ್ತು ಎಲ್ಲವೂ ಇತ್ತು. ಕೊನೆಯಲ್ಲಿ ಕಸ ಸುಡುವ ಸ್ಥಾವರದ ಹೊಗೆಯಿಂದ ಇಂಗಾಲ ಹಿಡಿದಿಡುವ ಯಂತ್ರ ಬೇಕಿತ್ತು. ಅದಕ್ಕೆ ರಾಷ್ಟ್ರ ಸರ್ಕಾರದ ಹಣ ಸಿಗಲಿಲ್ಲ. 2022ರಲ್ಲಿ ನಗರ ಆ ಗುರಿಯನ್ನು ಕೈಬಿಟ್ಟಿತು. ಅಷ್ಟು ಮನಸ್ಸಿದ್ದ ನಗರಕ್ಕೇ ಹೀಗಾದರೆ, ಹಣವೂ ಅಧಿಕಾರವೂ ಇಲ್ಲದ ಊರುಗಳಿಂದ ಬರೀ ಗುರಿ ಕೇಳುವುದು ಅನ್ಯಾಯ.

ಆದ್ದರಿಂದ ರಾಷ್ಟ್ರ ಸರ್ಕಾರವನ್ನು ಕೇಳುವಾಗ 2050ರ ಮಾತು ಬಿಟ್ಟು, ಮುಂದಿನ ಐದು ವರ್ಷದ ಲೆಕ್ಕ ಕೇಳಿ. ಸ್ಥಳೀಯ ಆಡಳಿತವನ್ನು ಕೇಳುವಾಗ ಬಜೆಟ್ ಪುಸ್ತಕ ತೆಗೆಸಿ. ಬಸ್ಸಿಗೆ ಎಷ್ಟು, ಚರಂಡಿಗೆ ಎಷ್ಟು, ಹೊಸ ಕಟ್ಟಡಗಳಿಗೆ ಏನು ನಿಯಮ? ಉತ್ತರದಲ್ಲಿ ‘ಮೇಲಿನವರು ಕೊಟ್ಟಿಲ್ಲ’ ಎಂದು ಬಂದರೆ, ಎಷ್ಟು ಕೇಳಿದ್ದಿರಿ, ಯಾವಾಗ ಕೇಳಿದ್ದಿರಿ ಎಂದು ಬರಹದಲ್ಲಿ ಕೇಳಿ.

ಪ್ರಶ್ನೆ: ಅಮೆರಿಕದಂಥ ದೇಶ ಪ್ಯಾರಿಸ್ ಒಪ್ಪಂದ ಬಿಟ್ಟರೆ ಉಳಿದವರು ಮಾಡಿ ಏನು ಪ್ರಯೋಜನ?

ಉತ್ತರ: ನಷ್ಟ ದೊಡ್ಡದೇ. ಅಮೆರಿಕ 2020ರಲ್ಲಿ ಹೊರಹೋಯಿತು, 2021ರಲ್ಲಿ ಮರಳಿತು, 2025ರ ಜನವರಿಯಲ್ಲಿ ಮತ್ತೆ ಹೊರಬರುವ ಆದೇಶವಾಯಿತು. ಆದರೆ 2017ರಲ್ಲಿ ಮೊದಲ ಸಲ ಈ ಮಾತು ಎದ್ದಾಗಲೇ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ವಾಷಿಂಗ್ಟನ್ ರಾಜ್ಯಗಳು ಸೇರಿ ಒಕ್ಕೂಟ ಕಟ್ಟಿಕೊಂಡು ತಮ್ಮ ಕೆಲಸ ಮುಂದುವರಿಸಿದವು. ರಾಜ್ಯಗಳಿಗೂ ಒಂದು ಗೆರೆ ಇದೆ. ಕ್ಯಾಲಿಫೋರ್ನಿಯಾ ವಾಹನಗಳ ಹೊಗೆಗೆ ಬಿಗಿ ನಿಯಮ ಮಾಡಬೇಕಾದರೆ ಕೇಂದ್ರದ ವಿಶೇಷ ಅನುಮತಿ ಬೇಕು. ಪೆಟ್ರೋಲ್ ಕಾರುಗಳ ಮಾರಾಟ ನಿಲ್ಲಿಸುವ ನಿಯಮಕ್ಕೆ ಕೊಟ್ಟಿದ್ದ ಆ ಅನುಮತಿಯನ್ನು 2025ರಲ್ಲಿ ಕೇಂದ್ರ ರದ್ದು ಮಾಡಿತು. ರಾಜ್ಯ ಕೋರ್ಟಿಗೆ ಹೋಯಿತು.

ಪ್ರಶ್ನೆ: ಮತ ಹಾಕುವುದು ಬಿಟ್ಟರೆ ಸಾಮಾನ್ಯ ಜನರಿಗೆ ಬೇರೆ ದಾರಿ ಇದೆಯೇ?

ಉತ್ತರ: ಇದೆ. ನೆದರ್ಲೆಂಡ್ಸ್‌ನಲ್ಲಿ ಉರ್ಗೆಂಡಾ ಎಂಬ ಸಂಸ್ಥೆ ಸುಮಾರು 900 ನಾಗರಿಕರ ಜೊತೆ ಸೇರಿ ಸರ್ಕಾರದ ಮೇಲೆ ಕೇಸು ಹಾಕಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. 1990ಕ್ಕೆ ಹೋಲಿಸಿದರೆ 2020ರ ಕೊನೆಯೊಳಗೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಕನಿಷ್ಠ ಶೇ 25 ಕಡಿತ ಮಾಡಲೇಬೇಕು ಎಂದಿತು. ಸರ್ಕಾರ ಒಂದು ಕಲ್ಲಿದ್ದಲು ಸ್ಥಾವರವನ್ನು ಅವಧಿಗೆ ಮುಂಚೆಯೇ ಮುಚ್ಚಿಸಿತು. ಕೊರೊನಾ ವರ್ಷದಲ್ಲಿ ಓಡಾಟ ತಗ್ಗಿದ್ದೂ ನೆರವಾಗಿ ದೇಶ ಆ ಗುರಿಯನ್ನು ಮುಟ್ಟಿತು. ಕೇಸು ಹಾಕಿದ್ದು 2013ರಲ್ಲಿ. ತಾಳ್ಮೆ ಬೇಕು, ಲೆಕ್ಕ ಗೊತ್ತಿರುವ ವಕೀಲರು ಬೇಕು. ಸರ್ಕಾರವೇ ಬರೆದುಕೊಟ್ಟ ಗುರಿಯ ಪ್ರತಿ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ.