ಇಬ್ಬರಿಗೂ ಒಬ್ಬರೇ ವಕೀಲರು ಸಾಕೇ?

ಪ್ರಶ್ನೆ: ನಾನು, ನನ್ನ ಪತಿ ಒಂದೂವರೆ ವರ್ಷದಿಂದ ಬೇರೆ ಬೇರೆ ಇದ್ದೇವೆ. ಒಪ್ಪಿಕೊಂಡೇ ವಿಚ್ಛೇದನ ಪಡೆಯೋಣ ಎಂದಿದ್ದೇವೆ. ಏಳು ವರ್ಷದ ಮಗ ನನ್ನ ಬಳಿ ಇದ್ದಾನೆ. ಇಬ್ಬರ ಹೆಸರಿನಲ್ಲೂ ಸಾಲ ಮಾಡಿ ಕೊಂಡ ಫ್ಲ್ಯಾಟ್ ಇದೆ. ತಮ್ಮ ಪರಿಚಯದ ವಕೀಲರೇ ಇಬ್ಬರಿಗೂ ಸಾಕು, ಖರ್ಚು ಉಳಿಯುತ್ತದೆ ಎನ್ನುತ್ತಾರೆ ಪತಿ. ಕಾನೂನು ಇದಕ್ಕೆ ಒಪ್ಪುತ್ತದೆಯೇ?
– ಹೆಸರು ಬೇಡ

ಉತ್ತರ: ಒಪ್ಪುತ್ತದೆ. ಹಿಂದೂ ವಿವಾಹ ಕಾಯ್ದೆ, 1955ರ 13ಬಿ ಕಲಮಿನಡಿ ಸಲ್ಲಿಸುವ ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಎದುರುದಾರರೇ ಇರುವುದಿಲ್ಲ. ಒಬ್ಬರು ಒಂದನೇ ಅರ್ಜಿದಾರರು, ಇನ್ನೊಬ್ಬರು ಎರಡನೇ ಅರ್ಜಿದಾರರು, ಅಷ್ಟೆ. ಇಬ್ಬರೂ ಒಬ್ಬರಿಗೇ ವಕಾಲತ್ತು ಕೊಡಲು ಆ ಕಲಮಿನಲ್ಲಿ ಅಡ್ಡಿಯಿಲ್ಲ. ಕ್ರೌರ್ಯ, ಪರಿತ್ಯಾಗದಂಥ ಕಾರಣ ಹೇಳಿ ಒಬ್ಬರು ಇನ್ನೊಬ್ಬರ ಮೇಲೆ ಹೂಡುವ ವಿಚ್ಛೇದನದಲ್ಲಾದರೆ ಈ ಮಾತೇ ಬರುವುದಿಲ್ಲ.

ಆದರೆ ಅರ್ಜಿ ಬರೆಯುವುದು ಬೇರೆ, ಅದರೊಳಗಿನ ಷರತ್ತು ತೀರ್ಮಾನಿಸುವುದು ಬೇರೆ. ‘ಜೀವನಾಂಶ ಕೇಳಲೋ, ಬಿಡಲೋ?’ ಎಂದು ನೀವು ಕೇಳಿದರೆ ಆ ವಕೀಲರು ಏನು ಹೇಳಬೇಕು? ಕೇಳಿ ಎಂದರೆ ಪತಿಗೆ ನಷ್ಟ, ಬಿಡಿ ಎಂದರೆ ನಿಮಗೆ. ಚೌಕಾಸಿ ಪೂರ್ತಿ ಮುಗಿದಿದ್ದರೆ ಮಾತ್ರ ಒಬ್ಬರೇ ಸಾಕು. ನಿಮ್ಮದು ಮುಗಿದಂತೆ ಕಾಣುವುದಿಲ್ಲ.

ಫ್ಲ್ಯಾಟನ್ನೇ ನೋಡಿ. ‘ಫ್ಲ್ಯಾಟ್ ಪತಿಗೆ, ಉಳಿದ ಕಂತೂ ಅವರದೇ’ ಎಂಬ ಸಾಲು ಒಪ್ಪಂದ ಪತ್ರದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಪತ್ರಕ್ಕೆ ಬ್ಯಾಂಕು ಸಹಿ ಹಾಕಿರುವುದಿಲ್ಲವಲ್ಲ! ಸಹ ಸಾಲಗಾರರಾಗಿ ನಿಮ್ಮ ಹೆಸರು ಇರುವವರೆಗೂ ಅವರು ಕಂತು ತಪ್ಪಿಸಿದರೆ ವಸೂಲಿಗೆ ನಿಮ್ಮ ಬಾಗಿಲಿಗೂ ಬರುತ್ತಾರೆ. ಹಾಗಾಗಿ ಮೊದಲು ಸಾಲದಿಂದ ನಿಮ್ಮನ್ನು ಕೈಬಿಟ್ಟಿರುವುದಾಗಿ ಬ್ಯಾಂಕಿನ ಪತ್ರ ಬರಲಿ, ಆಮೇಲೆ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ. ಮುದ್ರಾಂಕ ಶುಲ್ಕ ಯಾರದು, ಯಾವ ತಾರೀಕಿನೊಳಗೆ ಎಂಬುದೂ ಒಪ್ಪಂದದಲ್ಲಿರಲಿ. ನಿಮ್ಮ ವಕೀಲರು ಅಂತ ಒಬ್ಬರಿದ್ದರೆ ಮೊದಲು ಕೇಳುವುದೇ ಇದನ್ನು.

ಮಗನ ವಿಚಾರದಲ್ಲಿ ‘ತಂದೆ ಆಗಾಗ ಬಂದು ನೋಡಬಹುದು’ ಎಂದು ಬರೆಸಿದರೆ ಮುಂದೆ ಜಗಳ ತಪ್ಪದು. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ರಜೆಯಲ್ಲಿ ಎಷ್ಟು ದಿನ, ಶಾಲೆಯ ಫೀಸು ಯಾರು ಕಟ್ಟಬೇಕು, ತಿಂಗಳ ಮೊತ್ತ ವರ್ಷಕ್ಕೆಷ್ಟು ಏರಬೇಕು, ಎಲ್ಲ ಬಿಡಿಸಿ ಬರೆಯಿರಿ. ನಿಮ್ಮ ಜೀವನಾಂಶ ಬೇಡವೆನ್ನುವುದು ನಿಮಗೆ ಬಿಟ್ಟದ್ದು. ಮಗನದ್ದನ್ನು ಬಿಟ್ಟುಕೊಡುವ ಅಧಿಕಾರ ನಿಮಗಿಲ್ಲ, ಹಾಗೆ ಬರೆದರೂ ಅದು ಅವನನ್ನು ಕಟ್ಟಿಹಾಕದು.

ಖರ್ಚಿನ ಚಿಂತೆಗೆ ದಾರಿಯಿದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಂತೆ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯದ ಮಿತಿ ಅಡ್ಡಬರುವುದಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಅರ್ಜಿ ಬರೆಯುವ ಕೆಲಸ ಪತಿಯ ಪರಿಚಯದವರೇ ಮಾಡಲಿ. ಸಹಿಗೆ ಮುನ್ನ ಕರಡನ್ನು ಬೇರೊಬ್ಬ ವಕೀಲರು ಒಮ್ಮೆ ಓದಲಿ. ಕರಡು ಇಂಗ್ಲಿಷಿನಲ್ಲಿದ್ದರೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಒತ್ತಾಯವಿಲ್ಲದೆ ಒಪ್ಪಿದ್ದೀರಾ ಎಂದು ನ್ಯಾಯಾಧೀಶರು ಕೇಳುವುದು ನಿಮ್ಮನ್ನೇ.

ಪ್ರಶ್ನೆ: ಜಂಟಿ ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು. ಒಪ್ಪಿದ ಹಣದಲ್ಲಿ ಅರ್ಧ ಕೊಟ್ಟಾಗಿದೆ. ಈಗ ಹೆಂಡತಿ ಹೆಚ್ಚು ಕೇಳುತ್ತಿದ್ದಾರೆ. ಇಬ್ಬರಿಗೂ ಇದ್ದ ವಕೀಲರು ಇನ್ನು ಅವರ ಪರ ಮಾತ್ರ ನಿಲ್ಲುತ್ತೇನೆ ಎನ್ನುತ್ತಿದ್ದಾರೆ.
– ಒಬ್ಬ ಓದುಗ

ಉತ್ತರ: ನಿಲ್ಲುವಂತಿಲ್ಲ. ಒಂದು ಪಕ್ಷಕ್ಕೆ ಸಲಹೆ ಕೊಟ್ಟು, ಅರ್ಜಿ ಬರೆದು, ಅದರ ಪರ ಕೆಲಸ ಮಾಡಿದವರು ಅದೇ ವ್ಯಾಜ್ಯದಲ್ಲಿ ಎದುರು ಪಕ್ಷದ ಪರ ಬರಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ 33ನೇ ನಿಯಮವೇ ಹೇಳುತ್ತದೆ. ಒಪ್ಪಂದ ಮುರಿದ ದಿನ ಅವರು ಇಬ್ಬರಿಂದಲೂ ದೂರ ಸರಿಯಬೇಕು. ಒಬ್ಬರನ್ನೇ ನೇಮಿಸುವುದರ ನಿಜವಾದ ತೊಡಕು ಇದು: ಇಬ್ಬರೂ ಹೊಸಬರನ್ನು ಹುಡುಕಬೇಕು, ಉಳಿದ ಫೀಸು ಎರಡರಷ್ಟಾಗಿ ಹೋಗುತ್ತದೆ. ಹೊಸ ವಕಾಲತ್ತಿಗೆ ಹಳಬರ ನಿರಾಕ್ಷೇಪಣೆ ಬರೆಸಿಕೊಳ್ಳಿ. ಫೀಸು ಬಾಕಿಯೆಂದು ಕಡತ ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ, ಸುಪ್ರೀಂ ಕೋರ್ಟ್ ಇದನ್ನು 2000ದಲ್ಲೇ ಹೇಳಿದೆ.

ಡಿಕ್ರಿ ಆಗುವವರೆಗೂ ಒಪ್ಪಿಗೆ ಉಳಿದಿರಬೇಕು, ಅಲ್ಲಿಯವರೆಗೆ ಯಾರಾದರೊಬ್ಬರು ಹಿಂದೆ ಸರಿಯಬಹುದು ಎಂಬುದು 1991ರ ಸುರೇಷ್ಟಾ ದೇವಿ ತೀರ್ಪು. ಮೊದಲೇ ದೊಡ್ಡ ಮೊತ್ತ ಕೊಡಬಾರದು ಎನ್ನುವುದು ಇದಕ್ಕೇ. ಬಾಕಿಯನ್ನು ಡಿ.ಡಿ. ರೂಪದಲ್ಲಿ ಎರಡನೇ ಹೇಳಿಕೆಯ ದಿನ (ಕಾಯುವ ಅವಧಿ ಮುಗಿದ ಮೇಲೆ ಇಬ್ಬರೂ ಮತ್ತೆ ಒಪ್ಪಿಗೆ ಹೇಳುವ ದಿನ) ನ್ಯಾಯಾಲಯದಲ್ಲೇ ಕೊಡಿ. ಕೊಟ್ಟಿರುವುದಕ್ಕೆ ಬ್ಯಾಂಕಿನ ದಾಖಲೆ ಹೊಸ ವಕೀಲರ ಕೈಗೆ ತಲುಪಲಿ.

ಪ್ರಶ್ನೆ: ಜಂಟಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಲೇಬೇಕೇ? ನಮ್ಮ ನಡುವೆ 498ಎ (ಪತ್ನಿಗೆ ಕಿರುಕುಳದ) ಪ್ರಕರಣವೂ ಇದೆ. ಒಬ್ಬರೇ ವಕೀಲರು ಎರಡನ್ನೂ ಮುಗಿಸಬಹುದೇ?
– ಇನ್ನೊಬ್ಬ ಓದುಗ

ಉತ್ತರ: ಅರ್ಜಿಗೆ ಮುನ್ನವೇ ಒಂದೂವರೆ ವರ್ಷ ಬೇರೆಯಿದ್ದು, ರಾಜಿ ಯತ್ನ ವಿಫಲವಾಗಿ, ಹಣ ಮತ್ತು ಮಕ್ಕಳ ವಿಚಾರ ಇತ್ಯರ್ಥವಾಗಿದ್ದರೆ ಆರು ತಿಂಗಳ ವಿನಾಯಿತಿ ಕೇಳಬಹುದು (ಅಮರ್‌ದೀಪ್ ಸಿಂಗ್ ಪ್ರಕರಣ, 2017). ಕೊಡುವುದು ನ್ಯಾಯಾಧೀಶರ ವಿವೇಚನೆ. ಕ್ರಿಮಿನಲ್ ಪ್ರಕರಣದಲ್ಲಿ ಮಾತ್ರ ನೀವಿಬ್ಬರೂ ದೂರುದಾರೆ ಮತ್ತು ಆರೋಪಿ, ಅಲ್ಲಿ ಒಬ್ಬರೇ ವಕೀಲರು ಬೇಡ. ‘ದೂರು ವಾಪಸು’ ಎಂದು ಒಪ್ಪಂದದಲ್ಲಿ ಬರೆದರೆ ಅದು ಮುಗಿಯುವುದಿಲ್ಲ. ರದ್ದುಪಡಿಸುವಂತೆ ಆರೋಪಿ ಹೈಕೋರ್ಟಿಗೆ ಅರ್ಜಿ ಹಾಕಬೇಕು, ಆಕ್ಷೇಪಣೆಯಿಲ್ಲವೆಂದು ಪತ್ನಿ ಪ್ರಮಾಣಪತ್ರ ಸಲ್ಲಿಸಬೇಕು. ಆ ಪ್ರಮಾಣಪತ್ರವನ್ನು ಯಾವ ದಿನದೊಳಗೆ, ಯಾವ ಕಂತಿನ ಹಣ ಬಂದ ಮೇಲೆ ಕೊಡಬೇಕೆಂಬುದನ್ನು ವಿಚ್ಛೇದನದ ಒಪ್ಪಂದದಲ್ಲೇ ಬರೆಸಿ.