ಹುಟ್ಟಿದ ದಿನ, ಹುಟ್ಟಬೇಕಿದ್ದ ದಿನ

ಅಂಗನವಾಡಿಯಲ್ಲಿ ತೂಕ ಹಾಕಿದ ವಾರ ಆಪ್ತಸಲಹೆಗೆ ಬರುವವರಲ್ಲಿ, ಅವಧಿಗೆ ಬಹಳ ಮುಂಚೆ ಹುಟ್ಟಿದ ಕೂಸಿನ ತಾಯಿ ಒಬ್ಬಳಾದರೂ ಇರುತ್ತಾಳೆ. ಗೊಂದಲ ಹೆಚ್ಚುಕಡಿಮೆ ಒಂದೇ: ಕೂಸು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿಲ್ಲವೇ? ಅದಕ್ಕೇ ಈ ಪ್ರಕರಣ ಬರೆಯುತ್ತಿರುವುದು. ಗುರುತಿನ ವಿವರ ಬದಲಿಸಿದೆ.

ಗದಗ ಜಿಲ್ಲೆಯ ಹಳ್ಳಿ. 29 ವಾರಕ್ಕೆ ಹೆರಿಗೆ, ಹೆಣ್ಣು ಕೂಸು, 1,150 ಗ್ರಾಂ. ಈಗ 9 ತಿಂಗಳು ತುಂಬಿದೆ, ತೂಕ 6.2 ಕೆ.ಜಿ. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಚುಕ್ಕೆ ಹಳದಿ ಪಟ್ಟಿಗೆ ಬಿದ್ದಿದೆ, ಅಂದರೆ ವಯಸ್ಸಿಗೆ ತೂಕ ಕಡಿಮೆ.

ಮಾತಾಡಿದ್ದು ಅತ್ತೆ. "ವಾರಿಗಿ ಕೂಸು ಅಂಬೆಗಾಲ ಇಡಾಕತ್ತಾವ್ರಿ ಮೇಡಮ್ಮಾರ. ಇದಕ್ಕ ಕೂಡಾಕ ಸುದ್ದಾ ಬರವಲ್ದು. ಉಣ್ಣಂಗಿಲ್ಲ, ಅದಕ್ಕ." ಸೊಸೆ ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಹೇಳಿದಳು: "ಚಮಚಾ ಕಂಡ್ರ ಸಾಕ್ರಿ, ಬಾಯಿ ಬಿಗಿ ಹಿಡದು ಮಾರಿ ತಿರಗಸ್ತೈತಿ."

ಅಲ್ಲಿಗೆ ತೂಕದ ಮಾತು ನಿಲ್ಲಿಸಿ ಊಟದ ದಿನಚರಿ ಕೇಳಿದೆ. ನಾಲ್ಕು ತಿಂಗಳಿಗೇ ರಾಗಿ ಗಂಜಿ ಶುರುವಾಗಿತ್ತು, ಅದೂ ನೀರಾಗಿ. ತೊಡೆ ಮೇಲೆ ಮಲಗಿಸಿ, ಕೈ ಹಿಡಿದು, ಅಳುವಾಗ ತೆರೆದ ಬಾಯಿಗೆ ಹಾಕುವುದು. ಗಂಜಿಯಿಂದ ಹೊಟ್ಟೆ ತುಂಬಿ ಎದೆಹಾಲು ಕಡಿಮೆಯಾಗಿತ್ತು. ಮಲ ಕಪ್ಪಾಯಿತೆಂದು ಕಬ್ಬಿಣಾಂಶದ ಹನಿ ಬಿಟ್ಟಿದ್ದರು. ಕೂಸು ಸಣ್ಣದೆಂದು ದಡಾರದ ಲಸಿಕೆಯನ್ನೂ ಮುಂದೂಡುವವರಿದ್ದರು.

ಹಾಳೆ ಮೇಲೆ ಲೆಕ್ಕ ಬರೆದು ತೋರಿಸಿದೆ. ತುಂಬು ಬಸುರು 40 ವಾರ. 29ಕ್ಕೆ ಹುಟ್ಟಿದರೆ 11 ವಾರ, ಅಂದರೆ ಎರಡೂವರೆ ತಿಂಗಳು ಬಾಕಿ. ಒಂಬತ್ತರಲ್ಲಿ ಅದನ್ನು ಕಳೆದರೆ ಆರೂವರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹೆಣ್ಣು ಕೂಸಿನ ಕೆಳಗಿನ ಗೆರೆ 9 ತಿಂಗಳಿಗೆ 6.5 ಕೆ.ಜಿ., 6 ತಿಂಗಳಿಗೆ 5.7, 7 ತಿಂಗಳಿಗೆ 6.0. ಆರೂವರೆ ತಿಂಗಳಿಗೆ ಈ ಕೂಸು ಗೆರೆಗಿಂತ ಮೇಲೆಯೇ ಇದೆ. "ಹಂಗಾರ ಕುಂಡ್ರದ ಇರೂದೂ ಸರೀನ ಏನ್ರಿ?" ಎಂದರು ಅತ್ತೆ. ಆರೂವರೆಗೆ ಆಸರೆ ಕೊಟ್ಟರೆ ಕೂತರೆ ಸಾಕು. ಬೆಳವಣಿಗೆ, ಆಟಪಾಠ, ಊಟ ಎಲ್ಲಕ್ಕೂ ಎರಡು ವರ್ಷದವರೆಗೆ ಈ ಲೆಕ್ಕವೇ. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕ. ಆದ್ದರಿಂದ ದಡಾರದ ಲಸಿಕೆ ಅದೇ ವಾರ ಹಾಕಿಸಲು ಹೇಳಿದೆ.

ಸಮಾಧಾನದ ಮಾತಿಗಿಂತ ಮೊದಲು ಲೆಕ್ಕ ಕೊಟ್ಟದ್ದಕ್ಕೆ ಕಾರಣವಿದೆ. ಒತ್ತಾಯಕ್ಕೆ ಮೂಲ ಹಳದಿ ಚುಕ್ಕೆಯ ಭಯ. ಭಯ ಹಾಗೇ ಇಟ್ಟು "ಒತ್ತಾಯ ಮಾಡಬ್ಯಾಡ್ರಿ" ಎಂದರೆ ಯಾವ ಅಜ್ಜಿಯೂ ಕೇಳುವುದಿಲ್ಲ, ಕೇಳಬಾರದು ಕೂಡ.

ಊಟಕ್ಕೆ ಹೇಳಿದ್ದು: ಒಂದು ವಾರ ಬಲವಂತ ಪೂರ್ತಿ ಬಂದ್. ಎದೆಹಾಲು ಕೇಳಿದಾಗೆಲ್ಲ. ದಿನಕ್ಕೆ ಎರಡು ಸಲ, ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಎರಡು-ಮೂರು ದೊಡ್ಡ ಚಮಚ. ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರುಬ್ಯಾಳಿ ಮೆತ್ತಗೆ ಬೇಯಿಸಿ ನುರಿದು, ಅರ್ಧ ಸಣ್ಣ ಚಮಚ ತುಪ್ಪ. ಚಮಚ ಓರೆ ಮಾಡಿದರೆ ಸುರಿಯಬಾರದು, ಅಷ್ಟು ಗಟ್ಟಿ. ನೀರು ಹೆಚ್ಚಿದಷ್ಟೂ ಸತ್ವ ಇಳಿಯುತ್ತದೆ. ಚಮಚ ತುಟಿಗೆ ತಾಗಿಸಿ ಕಾಯಬೇಕು. ಮುಖ ತಿರುಗಿಸಿದರೆ ಊಟ ಮುಗಿಯಿತು. ಅರ್ಧ ತಾಸಿಗಿಂತ ಹೆಚ್ಚು ಎಳೆಯಬಾರದು. ಮಲ ಕಪ್ಪಾಗುವುದು ಕಬ್ಬಿಣಾಂಶದಿಂದಲೇ, ಹೆದರಬೇಕಿಲ್ಲ. ಹನಿಯನ್ನು ವೈದ್ಯರಿಗೆ ತೋರಿಸಿ, ಈಗಿನ ತೂಕಕ್ಕೆ ಅಳತೆ ಬರೆಸಿಕೊಂಡು ಮತ್ತೆ ಶುರು ಮಾಡಬೇಕು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳು ತಾಯಿಯ ಹೊಟ್ಟೆಯಲ್ಲಿ ಕಬ್ಬಿಣಾಂಶ ಕೂಡಿಟ್ಟುಕೊಳ್ಳುವ ಕೊನೆಯ ಮೂರು ತಿಂಗಳನ್ನೇ ಕಳಕೊಂಡು ಬಂದಿರುತ್ತವೆ.

ವಯಸ್ಸು ಕಳೆದು ಲೆಕ್ಕ ಹಾಕಿದರೆ ನಿಜವಾದ ಅಪೌಷ್ಟಿಕತೆ ಮುಚ್ಚಿಹೋಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಒಂದೇ ಚುಕ್ಕೆ ನೋಡಿದರೆ ಮುಚ್ಚಬಹುದು, ಒಪ್ಪುತ್ತೇನೆ. ಅದಕ್ಕೇ ಪ್ರತಿ ತಿಂಗಳು ಅದೇ ತಕ್ಕಡಿ, ಬರೀ ಮೈ. ಜೊತೆಗೆ ಮಲಗಿಸಿ ಉದ್ದ, ಟೇಪಿನಿಂದ ತಲೆಯ ಸುತ್ತಳತೆ. ಈ ವಯಸ್ಸಿಗೆ ತಿಂಗಳಿಗೆ 300 ಗ್ರಾಂ ಆಸುಪಾಸು ಏರಬೇಕು. ತಿಂಗಳಿಡೀ ತೂಕ ನಿಂತರೆ, ತಲೆ ಬೆಳೆಯದಿದ್ದರೆ ಅಥವಾ ಏಕಾಏಕಿ ದೊಡ್ಡದಾದರೆ, ಉಣ್ಣುವಾಗ ಬೆವರು, ಏದುಸಿರು, ಕೆಮ್ಮು ಬಂದರೆ ಮಕ್ಕಳ ವೈದ್ಯರ ಹತ್ತಿರವೇ ಹೋಗಬೇಕು. ಅದು ಆಪ್ತಸಲಹೆಯ ಕೆಲಸವಲ್ಲ.

ಮರು ತಿಂಗಳು ತೂಕ 6.5 ಬಂತು, ಚಮಚಕ್ಕೆ ಬಾಯಿ ತೆರೆಯುತ್ತಿತ್ತು. ಕಾರ್ಡಿನಲ್ಲಿ ಚುಕ್ಕೆ ಮಾತ್ರ ಇನ್ನೂ ಹಳದಿಯಲ್ಲೇ, ಯಾಕೆಂದರೆ ಅಲ್ಲಿ ಹುಟ್ಟಿದ ದಿನದಿಂದಲೇ ಎಣಿಸಿದ್ದಾರೆ. ವೈದ್ಯರಿಂದ ಕಾರ್ಡಿನ ಮೇಲ್ಗಡೆ "29 ವಾರ" ಮತ್ತು ಹೆರಿಗೆಯ ನಿರೀಕ್ಷಿತ ದಿನಾಂಕ ದೊಡ್ಡದಾಗಿ ಬರೆಸಿಕೊಂಡು ಅಂಗನವಾಡಿ ಟೀಚರಿಗೆ ತೋರಿಸಲು ಹೇಳಿ ಕಳಿಸಿದೆ.